ಮಹಲನೋಬಿಸ್ ಮತ್ತು ಕಾರ್ಖಾನೆಗಳ ಗುಟ್ಟು

ಮಷೀನ್ ಲರ್ನಿಂಗ್ ಲ್ಯಾಬ್‌ನಲ್ಲಿ ಔಟ್‌ಲೈಯರ್ ಹುಡುಕೋ ಪ್ರೋಗ್ರಾಂ ಬರೆಯುವಾಗ ಮಹಲನೋಬಿಸ್ ಡಿಸ್ಟೆನ್ಸ್ ಅನ್ನೋ ಹೆಸರು ಬಂತು. ನಮ್ಮಲ್ಲಿ ಅರ್ಧಕ್ಕರ್ಧ ಜನ ಇದು ಯಾರೋ ಗ್ರೀಸ್ ದೇಶದ ಗಣಿತಜ್ಞನ ಹೆಸರು ಅಂದ್ಕೊಂಡಿದ್ದೆವು. ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಇನ್ವರ್ಸ್ ತೆಗೆದು, ಗುಣಿಸಿ, ರೆಕಾರ್ಡ್ ಬುಕ್‌ಗೆ ಸಹಿ ಹಾಕಿಸಿಕೊಂಡು ಮುಂದೆ ಹೋದೆವು. ಆಮೇಲೆ ಗೊತ್ತಾಗಿದ್ದು, ಈ ಪ್ರಶಾಂತ ಚಂದ್ರ ಮಹಲನೋಬಿಸ್ ಕಲ್ಕತ್ತೆಯವರು, ಫಿಸಿಕ್ಸ್ ಮೇಷ್ಟ್ರು, ಭಾರತ ಸರ್ಕಾರಕ್ಕೆ ಲೆಕ್ಕ ಹೇಗೆ ಕೇಳಬೇಕು ಅಂತ ಕಲಿಸಿದ ಮನುಷ್ಯ ಅಂತ.

ಅವರ ಬಗ್ಗೆ ಬರೆಯೋಣ ಅನ್ನಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ಕು ಜನ ಊರ ಹೊರಗಿನ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದೆವು. ಸಣ್ಣ ಸಣ್ಣ ಲೇತ್ ಶೆಡ್‌ಗಳಲ್ಲಿ ತಿಂಗಳಿಗೆ ಎಷ್ಟು ಕರೆಂಟು ಖರ್ಚಾಗುತ್ತೆ, ಎಷ್ಟು ಪೀಸ್ ತಯಾರಾಗುತ್ತೆ ಅಂತ ಕೇಳೋದು ನಮ್ಮ ಕೆಲಸ. ಮೊದಲನೇ ಶೆಡ್‌ನ ಯಜಮಾನರು ಚಹಾ ಕೊಟ್ಟರು, ಅಂಕಿ ಕೊಡಲಿಲ್ಲ. ಎರಡನೆಯವರು ನಾವು ತೆರಿಗೆ ಇಲಾಖೆಯ ಕಡೆಯವರಾ ಅಂತ ವಿಚಾರಿಸಿದರು. ಮೂರನೆಯವರು ಪಕ್ಕದ ಶೆಡ್‌ನವರು ಏನು ಹೇಳಿದರು ಅಂತ ನಮ್ಮನ್ನೇ ಕೇಳಿದರು! ಸಂಜೆ ಖಾಲಿ ಫಾರ್ಮು ಹಿಡಿದುಕೊಂಡು ಬಸ್ ಹತ್ತಿದಾಗ ನಮಗೆ ಅರ್ಥವಾಗಿದ್ದು ಒಂದೇ: ವ್ಯಾಪಾರ ಮಾಡುವವರಿಗೆ ಲೆಕ್ಕ ಅಂದರೆ ಅಡುಗೆಮನೆಯ ಒಳಗಿನ ವಿಷಯ. ಅದನ್ನು ಹೊರಗಿನವರ ಮುಂದೆ, ಅದರಲ್ಲೂ ಸರ್ಕಾರದ ಮುಂದೆ ಇಡಬೇಕಾದರೆ ಏನೋ ಒಂದು ಭರವಸೆ ಬೇಕು. ಆ ಭರವಸೆಯನ್ನು ಒಂದು ದೇಶದ ಮಟ್ಟದಲ್ಲಿ ಕಟ್ಟಿದ ಕಾಲದ ಮುಖ್ಯ ವ್ಯಕ್ತಿ ಮಹಲನೋಬಿಸ್.

ಹುಟ್ಟಿದ್ದು 1893ರ ಜೂನ್ 29, ಕಲ್ಕತ್ತೆಯಲ್ಲಿ. ಅಜ್ಜ ಗುರುಚರಣ್ ಪೂರ್ವ ಬಂಗಾಳದ ವಿಕ್ರಮಪುರದಿಂದ ಬಂದು ನಗರದಲ್ಲಿ ಔಷಧಿ ಅಂಗಡಿ ಇಟ್ಟವರು, ಬ್ರಹ್ಮ ಸಮಾಜದವರು, ಆ ಕಾಲಕ್ಕೇ ವಿಧವೆಯನ್ನು ಮದುವೆಯಾದವರು. ಅಪ್ಪ ಪ್ರಬೋಧ ಚಂದ್ರ ಆಟದ ಸಾಮಾನುಗಳ ವ್ಯಾಪಾರ ಮಾಡುತ್ತಿದ್ದರು. ಅಂದರೆ ಹುಡುಗ ಬೆಳೆದಿದ್ದು ಅಂಗಡಿ ಮನೆಯಲ್ಲಿ. ಮುಂದೆ ಕಾರ್ಖಾನೆ ಮಾಲೀಕರ ಲೆಕ್ಕದ ಪುಸ್ತಕಕ್ಕೆ ಕೈ ಹಾಕಿದ ಮನುಷ್ಯ ಅಂಥ ಪುಸ್ತಕ ಇರುವ ಮನೆಯಿಂದಲೇ ಬಂದಿದ್ದು ಅನ್ನೋದು ನಮಗೆ ಇಷ್ಟವಾದ ಸಂಗತಿ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಫಿಸಿಕ್ಸ್ ಓದಿದರು. ಜಗದೀಶ ಚಂದ್ರ ಬೋಸ್, ಪ್ರಫುಲ್ಲ ಚಂದ್ರ ರಾಯ್ ಅಲ್ಲಿ ಮೇಷ್ಟ್ರು. 1913ರಲ್ಲಿ ಇಂಗ್ಲೆಂಡಿಗೆ ಹೊರಟರು. ಲಂಡನ್ನಿನಲ್ಲಿ ಓದುವ ಯೋಚನೆ. ಕೇಂಬ್ರಿಡ್ಜ್ ನೋಡಲು ಹೋದವರು ಕಿಂಗ್ಸ್ ಕಾಲೇಜಿನ ಚಾಪೆಲ್ ನೋಡುತ್ತಾ ನಿಂತು ವಾಪಸ್ ರೈಲು ತಪ್ಪಿಸಿಕೊಂಡರು, ರಾತ್ರಿ ಸ್ನೇಹಿತರ ಮನೆಯಲ್ಲಿ ಉಳಿದರು, ಕೊನೆಗೆ ಅದೇ ಕಾಲೇಜಿಗೆ ಸೇರಿಬಿಟ್ಟರು. ಮುಂದಿನ ವರ್ಷ ಅಲ್ಲಿಗೆ ಮದ್ರಾಸಿನಿಂದ ಶ್ರೀನಿವಾಸ ರಾಮಾನುಜನ್ ಬಂದರು. ಚಳಿಯಲ್ಲಿ ಕೋಟು ಹೊದ್ದು ಹಾಸಿಗೆಯ ಮೇಲೇ ಮಲಗುತ್ತಿದ್ದ ರಾಮಾನುಜನ್‌ಗೆ, ಅಲ್ಲಿ ಕಂಬಳಿಗಳ ಒಳಗೆ ತೂರಿಕೊಂಡು ಮಲಗಬೇಕು ಅಂತ ತೋರಿಸಿಕೊಟ್ಟವರು ಮಹಲನೋಬಿಸ್. ಈ ಕಥೆ ನೀವು ಸಿನಿಮಾ ನೋಡಿಯೋ, ಓದಿಯೋ ಕೇಳಿರಬಹುದು.

1915ರಲ್ಲಿ ಊರಿಗೆ ಹೊರಡುವ ಹೊತ್ತಿಗೆ ಯುದ್ಧದಿಂದಾಗಿ ಹಡಗು ತಡವಾಯ್ತು. ಸುಮ್ಮನೆ ಕೂರಲಾಗದೆ ಲೈಬ್ರರಿಯಲ್ಲಿ ಅಡ್ಡಾಡುತ್ತಿದ್ದಾಗ ಟ್ಯೂಟರ್ ಮೆಕಾಲೆ ಅವರಿಗೆ ಬಯೋಮೆಟ್ರಿಕಾ ಅನ್ನೋ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಅವರು ಇಡೀ ಸೆಟ್ ಕೊಂಡು, ಹಡಗಿನಲ್ಲೇ ಓದಲು ಶುರು ಮಾಡಿದರು. ಕಲ್ಕತ್ತೆ ತಲುಪಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಶುರು ಮಾಡಿದರೂ ಮನಸ್ಸು ಆಗಲೇ ಸಂಖ್ಯಾಶಾಸ್ತ್ರಕ್ಕೆ ಹೋಗಿತ್ತು. ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಓದಿ ಜೀವನವೇ ಬದಲಾದವರ ಪಟ್ಟಿಗೆ ಇವರನ್ನೂ ಸೇರಿಸಿಕೊಳ್ಳಿ.

ನಮ್ಮ ಸಿವಿಲ್ ಬ್ರಾಂಚಿನ ಗೆಳೆಯರಿಗಾಗಿ ಒಂದು ವಿಷಯ. 1922ರ ಉತ್ತರ ಬಂಗಾಳದ ಪ್ರವಾಹದ ನಂತರ ನೀರನ್ನು ತಡೆದು ನಿಲ್ಲಿಸುವ ದುಬಾರಿ ಜಲಾಶಯಗಳನ್ನು ಕಟ್ಟುವ ಸಲಹೆ ಬಂದಿತ್ತು. ಇವರು ಸುಮಾರು 50 ವರ್ಷಗಳ ಮಳೆ ಮತ್ತು ಪ್ರವಾಹದ ಲೆಕ್ಕ ತೆಗೆದು, ಅಲ್ಲಿನ ತೊಂದರೆ ನೀರು ಬೇಗ ಹರಿದು ಹೋಗದಿರುವುದು, ಜಲಾಶಯದಿಂದ ಉಪಯೋಗವಿಲ್ಲ ಅಂತ ತೋರಿಸಿದರು. ಒರಿಸ್ಸಾದಲ್ಲಿ 1926ರ ಪ್ರವಾಹದ ನಂತರ ನದಿಯ ತಳವೇ ಮೇಲೆ ಬಂದಿದೆ, ಏರಿ ಎತ್ತರಿಸಬೇಕು ಅಂತ ಎಂಜಿನಿಯರುಗಳು ನಂಬಿದ್ದರು. ತಳ ಮೇಲೆ ಬಂದಿಲ್ಲ, ಮೇಲ್ಭಾಗದಲ್ಲಿ ಅಣೆಕಟ್ಟು ಬೇಕು ಅನ್ನೋದು ಇವರ ಲೆಕ್ಕದ ಉತ್ತರ. ಹಿರಾಕುಡ್ ಯೋಜನೆಯ ಹಿಂದೆ ಆ ಲೆಕ್ಕವೂ ಇದೆ. ಮುಖ್ಯ ವಿಷಯ ಏನಪ್ಪಾ ಅಂದರೆ, ಇವೆರಡೂ ಕಡೆ ಬೇಕಾದ ಅಂಕಿಗಳು ಸರ್ಕಾರದ ಕಡತಗಳಲ್ಲೇ ಇದ್ದವು. ಯಾರನ್ನೂ ಒಪ್ಪಿಸಬೇಕಿರಲಿಲ್ಲ. ನದಿ ತನ್ನ ಮಟ್ಟವನ್ನು ಮುಚ್ಚಿಡುವುದಿಲ್ಲ.

1931ರ ಡಿಸೆಂಬರ್ 17ರಂದು ಸೇರಿದ ಸಭೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟುವ ತೀರ್ಮಾನವಾಯಿತು. ಮರುವರ್ಷ ಸೊಸೈಟಿಯಾಗಿ ನೋಂದಣಿ. ಮೊದಲ ವರ್ಷದ ಖರ್ಚು 250 ರೂಪಾಯಿ ದಾಟಿರಲಿಲ್ಲ. ಒಬ್ಬ ಪಾರ್ಟ್ ಟೈಮ್ ಕಂಪ್ಯೂಟರ್ ಇದ್ದರು. ಹೌದು, ಆಗ ಕಂಪ್ಯೂಟರ್ ಅಂದರೆ ಕೂತು ಲೆಕ್ಕ ಮಾಡುವ ಮನುಷ್ಯ. 1933ಕ್ಕೆ ಸಂಖ್ಯಾ ಅನ್ನೋ ಪತ್ರಿಕೆ ಶುರುವಾಯಿತು. 1936ರಲ್ಲಿ, ಮನುಷ್ಯರ ದೇಹದ ಅಳತೆಗಳನ್ನು ಹೋಲಿಸುವ ಕೆಲಸದಿಂದ ಬೆಳೆದು ಬಂದ, ನಮ್ಮ ಲ್ಯಾಬಿನ ಆ ಡಿಸ್ಟೆನ್ಸ್ ಸೂತ್ರ ಪ್ರಕಟವಾಯಿತು. 1941ರಲ್ಲಿ, ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋಗಿದ್ದ ಒಬ್ಬ ಯುವಕ ಈ ಸಂಸ್ಥೆಗೆ ಸೇರಿಕೊಂಡರು. ಅವರೇ ಸಿ.ಆರ್. ರಾವ್. ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಇಲ್ಲಿಂದ ಕಥೆ ಸೆಣಬಿನ ಹೊಲಕ್ಕೆ ಹೋಗುತ್ತೆ. ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ವ್ಯಾಪಾರದ ಅಂಕಿ ಮತ್ತು ಸರ್ಕಾರದ ಅಂಕಿ ಮೊದಲ ಸಲ ಮುಖಾಮುಖಿಯಾಗುವುದು ಇಲ್ಲೇ.

ಬಂಗಾಳದ ಸೆಣಬು ಆಗ ಇಡೀ ಪ್ರಪಂಚಕ್ಕೆ ಚೀಲ ಹೊಲಿಯುತ್ತಿತ್ತು. ಈ ವರ್ಷ ಎಷ್ಟು ಬೆಳೆ ಬರುತ್ತೆ ಅನ್ನೋ ಅಂದಾಜಿನ ಮೇಲೆ ರೈತನಿಗೆ ಸಿಗುವ ಬೆಲೆ, ಗಿರಣಿಗಳ ಖರೀದಿ, ದಲ್ಲಾಳಿಗಳ ಜೂಜು ಎಲ್ಲಾ ನಿಂತಿತ್ತು. ಆದರೆ ಬಂಗಾಳದಲ್ಲಿ ಜಮೀನ್ದಾರಿಯ ಕಾಯಂ ಕಂದಾಯ ಪದ್ಧತಿ. ಕಂದಾಯ ಒಮ್ಮೆ ಗೊತ್ತುಪಡಿಸಿಯಾದ ಮೇಲೆ ಹೊಲ ಹೊಲಕ್ಕೆ ಹೋಗಿ ಬೆಳೆ ಬರೆದುಕೊಳ್ಳುವ ಹಳ್ಳಿ ಲೆಕ್ಕಿಗರ ವ್ಯವಸ್ಥೆ ಸರ್ಕಾರಕ್ಕೆ ಬೇಕಾಗಿರಲಿಲ್ಲ. ನಮ್ಮ ಕಡೆ ಶಾನುಭೋಗರು ಇದ್ದ ಹಾಗೆ ಅಲ್ಲಿ ಇರಲಿಲ್ಲ. ಹಾಗಾಗಿ ಸರ್ಕಾರದ ಅಂದಾಜು ಅಂದರೆ ಗಾಳಿಗೆ ಗುದ್ದಿದ ಹಾಗೆ.

1937ರಿಂದ ಮಹಲನೋಬಿಸ್ ಇದಕ್ಕೆ ಮಾದರಿ ಸಮೀಕ್ಷೆ ಶುರು ಮಾಡಿದರು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು ಅಂತೀವಲ್ಲ, ಅದೇ ಲೆಕ್ಕ. ಆದರೆ ಪಾತ್ರೆಯನ್ನು ಚೆನ್ನಾಗಿ ಕಲಕಿರಬೇಕು, ಅಗುಳನ್ನು ನಮಗೆ ಬೇಕಾದ ಕಡೆಯಿಂದ ತೆಗೀಬಾರದು. ಆದ್ದರಿಂದ ಹೊಲಗಳ ಆಯ್ಕೆ ಪೂರ್ತಿ ರ‍್ಯಾಂಡಮ್. ಇನ್ನೊಂದು ಜಾಣತನವನ್ನೂ ಸೇರಿಸಿದರು. ಒಂದೇ ಪ್ರದೇಶದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಎರಡು ಮಾದರಿಗಳು, ಎರಡು ಬೇರೆ ತಂಡಗಳು. ಒಂದರ ಕೆಲಸ ಇನ್ನೊಂದನ್ನು ಅವಲಂಬಿಸಿಲ್ಲ. ಎರಡರ ಉತ್ತರ ತಾಳೆಯಾಗದಿದ್ದರೆ ಎಲ್ಲೋ ತಪ್ಪಾಗಿದೆ ಅಂತ. ಎಲೆಕ್ಟ್ರಾನಿಕ್ಸ್‌ನವರಿಗೆ ಇದು ರಿಡಂಡೆನ್ಸಿ ಅಂತ ತಕ್ಷಣ ಹೊಳೆಯುತ್ತೆ.

1940ರ ದಶಕದ ನಡುವೆ ಒಂದು ಪರೀಕ್ಷೆ ಆಯಿತು. ಸರ್ಕಾರ ಒಂದೊಂದು ತುಂಡು ಹೊಲವನ್ನೂ ಬಿಡದೆ ಎಣಿಸಿತು. ಸುಮಾರು 33,000 ಜನ, ಸುಮಾರು 82 ಲಕ್ಷ ರೂಪಾಯಿ ಖರ್ಚು. ಉತ್ತರ ಸುಮಾರು 63 ಲಕ್ಷ ಬೇಲ್. ಮಹಲನೋಬಿಸ್ ಅವರ ಮಾದರಿ ಸಮೀಕ್ಷೆಗೆ ಸುಮಾರು 600 ಜನ, 8 ಲಕ್ಷ ರೂಪಾಯಿ. ಉತ್ತರ ಸುಮಾರು 75 ಲಕ್ಷ ಬೇಲ್. ಈಗ ಇವರಲ್ಲಿ ಯಾರು ಸರಿ? ತೀರ್ಪು ಕೊಟ್ಟಿದ್ದು ಮೂರನೇ ಪಾರ್ಟಿ. ಗಿರಣಿಗಳಿಗೆ ಹೋದ ಮಾಲು, ಬಂದರಿನಿಂದ ಹೊರಗೆ ಹೋದ ಮಾಲು, ಅಂದರೆ ವ್ಯಾಪಾರದ ಮತ್ತು ಸುಂಕದ ಲೆಕ್ಕ. ಅದು 75 ಲಕ್ಷಕ್ಕಿಂತ ಸ್ವಲ್ಪ ಮೇಲೆ ಬಂತು.

ಸಾಮಾನ್ಯವಾಗಿ ಈ ಕಥೆಯನ್ನು ಸ್ಯಾಂಪ್ಲಿಂಗ್‌ನ ಗೆಲುವು ಅಂತ ಹೇಳಿ ಮುಗಿಸುತ್ತಾರೆ. ನಮಗೆ ಇನ್ನೊಂದು ಕಾಣುತ್ತೆ. ವ್ಯಾಪಾರಿಗಳ ಲೆಕ್ಕ ಸರ್ಕಾರದ ಕೈಗೆ ಸಿಗದೇ ಹೋಗಿದ್ದರೆ ಯಾರ ಅಂಕಿ ಸರಿ ಅನ್ನೋದು ಗೊತ್ತಾಗುತ್ತಲೇ ಇರಲಿಲ್ಲ. ಹಾಗೇ, ಒಂದೊಂದು ಗಿರಣಿಯ ದಾಸ್ತಾನು ಎಷ್ಟು ಅಂತ ಬಿಡಿಬಿಡಿಯಾಗಿ ಸಂತೆಗೆ ಗೊತ್ತಾಗಿದ್ದರೆ ಯಾವ ಗಿರಣಿಗೆ ಮಾಲು ತುರ್ತಾಗಿ ಬೇಕು ಅಂತ ದಲ್ಲಾಳಿ ನೋಡಿಕೊಂಡು ಬೆಲೆ ಏರಿಸುತ್ತಿದ್ದ. ದೇಶಕ್ಕೆ ಬೇಕಾಗಿರುವುದು ಮೊತ್ತ. ಮಾಲೀಕನಿಗೆ ನೋವಾಗುವುದು ಬಿಡಿ ಅಂಕಿ. ಸಮಸ್ಯೆ ಇರುವುದೇ ಇವೆರಡರ ನಡುವೆ.

ಸ್ವಾತಂತ್ರ್ಯ ಬಂದಾಗ ನೆಹರೂ ಸರ್ಕಾರಕ್ಕೆ ದೇಶದ ಆದಾಯ ಎಷ್ಟು ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ. 1949ರಲ್ಲಿ ಮಹಲನೋಬಿಸ್ ಕೇಂದ್ರ ಸಂಪುಟದ ಗೌರವ ಸಂಖ್ಯಾಶಾಸ್ತ್ರ ಸಲಹೆಗಾರರಾದರು. ಅದೇ ವರ್ಷ ರಾಷ್ಟ್ರೀಯ ಆದಾಯ ಸಮಿತಿ ಬಂತು. ಇವರು ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. ಈ ರಾವ್ ಅವರೇ ಮುಂದೆ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆ ಕಟ್ಟಿದವರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದರೆ ಎನ್‌ಎಸ್‌ಎಸ್. 1951ರಲ್ಲಿ ಕೇಂದ್ರ ಅಂಕಿಅಂಶ ಸಂಸ್ಥೆ. ಮೂರೇ ವರ್ಷಗಳಲ್ಲಿ ಇಷ್ಟು.

ಮನೆಗಳಿಗೆ ಹೋಗಿ ಅಕ್ಕಿ ಎಷ್ಟು ತಿಂತೀರಿ ಅಂತ ಕೇಳೋದು ಒಂದು ತರಹ. ಕಾರ್ಖಾನೆಗೆ ಹೋಗಿ ಕೇಳೋದು ಬೇರೆ ತರಹ. ಕಾರ್ಖಾನೆಯ ಫಾರ್ಮಿನಲ್ಲಿ ಏನೇನಿರುತ್ತೆ ನೋಡಿ: ಮೆಷಿನ್ನುಗಳ ಬೆಲೆ, ಸಾಲ, ಕಚ್ಚಾ ಮಾಲು ಎಷ್ಟು ಕೊಂಡಿರಿ, ಯಾವ ದರಕ್ಕೆ, ಎಷ್ಟು ಜನ ಕೆಲಸಗಾರರು, ಕೂಲಿ ಎಷ್ಟು, ಇಂಧನ ಎಷ್ಟು, ಏನು ತಯಾರಿಸಿದಿರಿ, ಎಷ್ಟಕ್ಕೆ ಮಾರಿದಿರಿ. ಪ್ರತಿಸ್ಪರ್ಧಿಯ ಕೈಗೆ ಈ ಕಾಗದ ಸಿಕ್ಕರೆ ನಿಮ್ಮ ಒಂದು ಪೀಸಿನ ಲಾಭ ಎಷ್ಟು ಅಂತ ಹತ್ತು ನಿಮಿಷದಲ್ಲಿ ಲೆಕ್ಕ ಹಾಕುತ್ತಾನೆ. ಮುಂದಿನ ಟೆಂಡರಿನಲ್ಲಿ ನಿಮಗಿಂತ ಎರಡು ಪೈಸೆ ಕಮ್ಮಿ ಬರೆಯುತ್ತಾನೆ. ಕಥೆ ಮುಗೀತು.

ಬ್ರಿಟಿಷರ ಕಾಲದಲ್ಲೇ, 1942ರಲ್ಲಿ, ಕೈಗಾರಿಕಾ ಅಂಕಿಅಂಶ ಕಾಯಿದೆ ಬಂದಿತ್ತು. ಅದರಡಿ 1946ರಿಂದ ಉತ್ಪಾದನಾ ಕೈಗಾರಿಕೆಗಳ ಗಣತಿ ನಡೆಯಿತು. ಅದು 29 ಬಗೆಯ ಕೈಗಾರಿಕೆಗಳಿಗೆ ಮಾತ್ರ ಸೀಮಿತ. ಉಳಿದದ್ದನ್ನೂ ಹಿಡಿಯಲು ಎನ್‌ಎಸ್‌ಎಸ್ ಕಡೆಯಿಂದ ಕಾರ್ಖಾನೆಗಳ ಮಾದರಿ ಸಮೀಕ್ಷೆ ನಡೆಯಿತು. ಆಮೇಲೆ ಬಂದಿದ್ದು 1953ರ ಅಂಕಿಅಂಶ ಸಂಗ್ರಹ ಕಾಯಿದೆ. ಇದನ್ನು ಮಹಲನೋಬಿಸ್ ಒಬ್ಬರೇ ಬರೆದರು ಅಂತ ನಾವು ಹೇಳುತ್ತಿಲ್ಲ. ಅವರು ಸಂಪುಟದ ಸಲಹೆಗಾರರಾಗಿದ್ದ ಕಾಲದಲ್ಲಿ, ಅವರು ಕಟ್ಟುತ್ತಿದ್ದ ವ್ಯವಸ್ಥೆಯ ಬೆನ್ನೆಲುಬಾಗಿ ಬಂದ ಕಾನೂನು ಅದು.

ಆ ಕಾನೂನು ಎರಡೂ ಕಡೆ ಹರಿತ ಇರುವ ಕತ್ತಿ. ಲೆಕ್ಕ ಕೊಡದ, ಸುಳ್ಳು ಲೆಕ್ಕ ಕೊಡುವ ಮಾಲೀಕನಿಗೆ ಶಿಕ್ಷೆ. ಅದರ ಜೊತೆಗೇ, ಕೊಟ್ಟ ಲೆಕ್ಕವನ್ನು ಹೊರಗೆ ಬಿಟ್ಟುಕೊಡುವ ಅಧಿಕಾರಿಗೂ ಶಿಕ್ಷೆ. ಒಂದು ಕಾರ್ಖಾನೆಯ ಉತ್ತರವನ್ನು, ಅದು ಯಾರದ್ದು ಅಂತ ಗುರುತು ಸಿಗುವ ಹಾಗೆ, ಮಾಲೀಕನ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ. ಸಂಗ್ರಹದ ಕೆಲಸದಲ್ಲಿ ಇಲ್ಲದ ಬೇರೆಯವರಿಗೆ ಆ ಕಾಗದ ತೋರಿಸುವಂತಿಲ್ಲ. ಅದೇ ಕಾಯಿದೆಯಡಿ ಕೇಸು ಹಾಕಬೇಕಾದಾಗ ಮಾತ್ರ ವಿನಾಯಿತಿ. ನಮ್ಮ ಲೇತ್ ಶೆಡ್ ಯಜಮಾನರು ಕೇಳಿದ್ದು ಇದೇ ಪ್ರಶ್ನೆ ತಾನೇ? ಕೇಳುವವನೊಬ್ಬ, ತೆರಿಗೆ ಹಾಕುವವನು ಇನ್ನೊಬ್ಬ ಅನ್ನೋ ಗೋಡೆ ಇದೆಯಾ ಅಂತ.

1959ರಿಂದ ಈ ಕಾಯಿದೆಯಡಿ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಶುರುವಾಗಿ ಹಳೆಯ ಎರಡರ ಜಾಗಕ್ಕೆ ಬಂತು. ಇವತ್ತಿಗೂ ನಡೀತಾ ಇದೆ. 1953ರ ಕಾಯಿದೆ ಹೋಗಿ 2008ರದ್ದು ಬಂದಿದೆ ಅಷ್ಟೇ. ವಿದ್ಯುತ್ ಬಳಸುವ, 10 ಅಥವಾ ಹೆಚ್ಚು ಕೆಲಸಗಾರರಿರುವ, ವಿದ್ಯುತ್ ಇಲ್ಲದಿದ್ದರೆ 20 ಅಥವಾ ಹೆಚ್ಚು ಜನ ಇರುವ ನೋಂದಾಯಿತ ಕಾರ್ಖಾನೆಗಳು ಇದರ ವ್ಯಾಪ್ತಿಗೆ ಬರುತ್ತವೆ. ದೊಡ್ಡ ಕಾರ್ಖಾನೆಗಳನ್ನು ಒಂದೂ ಬಿಡದೆ, ಚಿಕ್ಕವನ್ನು ಮಾದರಿಯಾಗಿ ತೆಗೆದುಕೊಳ್ಳುತ್ತಾರೆ.

ಇಲ್ಲೊಂದು ತಮಾಷೆ ಇದೆ, ಕಂಪ್ಯೂಟರ್ ಸೈನ್ಸ್‌ನವರು ಗಮನಿಸಿ. ಹೆಸರು ಅಳಿಸಿಬಿಟ್ಟರೆ ಗುಟ್ಟು ಉಳಿಯುತ್ತೆ ಅಂತ ನಾವೂ ಅಂದ್ಕೊಂಡಿದ್ದೆವು. ಒಂದು ಜಿಲ್ಲೆಯಲ್ಲಿ ಎರಡೇ ಸಿಮೆಂಟ್ ಕಾರ್ಖಾನೆ ಇವೆ ಅಂತಿಟ್ಟುಕೊಳ್ಳಿ. ಜಿಲ್ಲೆಯ ಒಟ್ಟು ಸಿಮೆಂಟ್ ಉತ್ಪಾದನೆಯನ್ನು ಸರ್ಕಾರ ಪ್ರಕಟಿಸಿತು. ಹೆಸರಿಲ್ಲ, ಮೊತ್ತ ಮಾತ್ರ. ಮೊದಲನೇ ಮಾಲೀಕ ಆ ಮೊತ್ತದಿಂದ ತನ್ನದನ್ನು ಕಳೆದ. ಎರಡನೆಯವನ ಲೆಕ್ಕ ಬಯಲಾಯಿತು. ಒಂದನೇ ಕ್ಲಾಸಿನ ಕಳೆಯುವ ಲೆಕ್ಕ! ಅದಕ್ಕೇ ಮೂರಕ್ಕಿಂತ ಕಮ್ಮಿ ಕಾರ್ಖಾನೆಗಳಿರುವ ಕಡೆ ಅಂಕಿಯನ್ನು ಬೇರೆ ಗುಂಪಿನ ಜೊತೆ ಸೇರಿಸಿಬಿಡುವ ಪದ್ಧತಿ ಬಂದಿದ್ದು. ಮೂರು ಇದ್ದರೂ, ಅದರಲ್ಲಿ ಇಬ್ಬರು ಮಾತಾಡಿಕೊಂಡರೆ ಮೂರನೆಯವನು ಸಿಕ್ಕಿಬಿದ್ದ ಅನ್ನೋದು ಬೇರೆ ಮಾತು.

ಇನ್ನೊಂದು ಉದಾಹರಣೆ. ಸಂಶೋಧಕರಿಗೆ ಕಾರ್ಖಾನೆವಾರು ಕಡತಗಳನ್ನು ಹೆಸರಿಲ್ಲದೆ ಕೊಡುವಾಗ ಎರಡು ರೂಪ ಮಾಡಿದ್ದರು. ಒಂದರಲ್ಲಿ ಜಿಲ್ಲೆಯ ಕೋಡ್ ಇರುತ್ತೆ, ಆದರೆ ಅದೇ ಕಾರ್ಖಾನೆಯನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸುವ ಗುರುತಿನ ಸಂಖ್ಯೆ ಇಲ್ಲ. ಇನ್ನೊಂದರಲ್ಲಿ ಗುರುತಿನ ಸಂಖ್ಯೆ ಇರುತ್ತೆ, ಜಿಲ್ಲೆ ಇಲ್ಲ. ಎರಡೂ ಒಟ್ಟಿಗೆ ಇದ್ದರೆ ಸ್ವಲ್ಪ ತಲೆ ಓಡಿಸುವವರು ಯಾವುದು ಯಾರದ್ದು ಅಂತ ಹೇಳಿಬಿಡುತ್ತಾರೆ. ಎರಡು ಬೀಗದ ಕೈಗಳನ್ನು ಒಬ್ಬನಿಗೇ ಕೊಡಬೇಡ ಅನ್ನೋ ಹಾಗೆ.

ಅಷ್ಟೆಲ್ಲಾ ಮಾಡಿದರೂ ದೊಡ್ಡ ಕಾರ್ಖಾನೆಯನ್ನು ಬಚ್ಚಿಡುವುದು ಕಷ್ಟ. ಲಕ್ಷ ಮನೆಗಳ ಪಟ್ಟಿಯಲ್ಲಿ ನಮ್ಮ ಮನೆ ಕರಗಿಹೋಗುತ್ತೆ. ಕಾರ್ಖಾನೆಗಳ ಪಟ್ಟಿ ಹಾಗಲ್ಲ. ನೂರು ಸಣ್ಣ ಶೆಡ್‌ಗಳ ನಡುವೆ ಒಂದು ಉಕ್ಕಿನ ಸ್ಥಾವರ ಆನೆಯ ಹಾಗೆ ನಿಂತಿರುತ್ತೆ. ಚಿಕ್ಕವರಿಗಾದರೆ ತಾವು ಮಾದರಿಯಲ್ಲಿ ಇದ್ದೇವೋ ಇಲ್ಲವೋ ಅನ್ನೋ ಅನುಮಾನವೇ ಒಂದು ರಕ್ಷಣೆ. ದೊಡ್ಡವರು ಪಟ್ಟಿಯಲ್ಲಿ ಇದ್ದೇ ಇರುತ್ತಾರೆ. ಎಲ್ಲರಿಂದ ಎಷ್ಟು ದೂರ ಅಂತ ಅಳೆದು ಆನೆಯನ್ನು ಪಟ್ಟನೆ ಹಿಡಿದು ಕೊಡುವ ಸೂತ್ರ ಯಾವುದು ಗೊತ್ತಲ್ಲ? ನಮ್ಮ ಲ್ಯಾಬಿನ ಮಹಲನೋಬಿಸ್ ಡಿಸ್ಟೆನ್ಸ್. ಇದನ್ನು ಕಂಡುಕೊಂಡ ದಿನ ನಾವು ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಬಿಟ್ಟು ನಕ್ಕಿದ್ದೆವು.

ಈಗ ಸ್ವಲ್ಪ ಕಹಿ ಮಾತು. ಮಹಲನೋಬಿಸ್ ಬರೀ ಲೆಕ್ಕ ಕೇಳುವವರಾಗಿ ಉಳಿಯಲಿಲ್ಲ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಕರಡು ಚೌಕಟ್ಟು ಬರೆದವರು ಅವರು. ಭಾರಿ ಕೈಗಾರಿಕೆ ಮೊದಲು, ಅದರಲ್ಲೂ ಸರ್ಕಾರದ ಕೈಗಾರಿಕೆ ಮೊದಲು ಅನ್ನೋದು ಅದರ ದಿಕ್ಕು. 1951ರ ಕೈಗಾರಿಕಾ ಕಾಯಿದೆಯಿಂದಾಗಿ ಹೊಸ ಕಾರ್ಖಾನೆಗೆ, ವಿಸ್ತರಣೆಗೆ ಆಗಲೇ ಲೈಸೆನ್ಸ್ ಬೇಕಿತ್ತು. ಮಾಲೀಕನ ಜಾಗದಲ್ಲಿ ನಿಂತು ನೋಡಿ. ನಿಮ್ಮ ಉತ್ಪಾದನಾ ಸಾಮರ್ಥ್ಯ ಎಷ್ಟು ಅಂತ ಕೇಳುವವರೂ ಸರ್ಕಾರ, ನಿಮಗೆ ಲೈಸೆನ್ಸ್ ಕೊಡಬೇಕಾ ಬೇಡವಾ ಅಂತ ತೀರ್ಮಾನಿಸುವವರೂ ಸರ್ಕಾರ, ಕೆಲವು ಕಡೆ ನಿಮ್ಮ ಎದುರಾಳಿ ಕಾರ್ಖಾನೆಯ ಮಾಲೀಕರೂ ಸರ್ಕಾರ. ಕಾನೂನಿನ ಪುಸ್ತಕದಲ್ಲಿ ಗೋಡೆ ಇದೆ ಅಂದರೆ ನಂಬಿಕೆ ಬರುತ್ತಾ? ಲೆಕ್ಕ ಕೇಳುವವರು ಯೋಜನೆ ಬರೆಯುವವರಿಂದ ದೂರ ಇರಬೇಕಿತ್ತು ಅನ್ನೋದು ನಮ್ಮ ಅಭಿಪ್ರಾಯ. ಎರಡೂ ಟೋಪಿಯನ್ನು ಒಬ್ಬರೇ ಹಾಕಿಕೊಂಡಿದ್ದು ಅವರ ದೊಡ್ಡ ತಪ್ಪು ಅಂತ ನಮ್ಮಲ್ಲಿ ಇಬ್ಬರು ವಾದಿಸುತ್ತಾರೆ. ಏನೂ ಇಲ್ಲದ ದೇಶದಲ್ಲಿ ಯಾರಾದರೂ ಒಬ್ಬರು ಶುರು ಮಾಡಲೇಬೇಕಿತ್ತಲ್ಲ ಅಂತ ಉಳಿದಿಬ್ಬರು. ಈ ಲೇಖನ ಮುಗಿಯುವ ತನಕ ನಮ್ಮ ಜಗಳ ಮುಗಿಯಲಿಲ್ಲ.

ಆದರೆ ಒಂದು ವಿಷಯದಲ್ಲಿ ಅವರು ಕಟ್ಟಿದ ವ್ಯವಸ್ಥೆ ವಿಶೇಷವಾಗಿತ್ತು. ಎನ್‌ಎಸ್‌ಎಸ್‌ನಲ್ಲಿ ಊರೂರಿಗೆ ಹೋಗಿ ಫಾರ್ಮು ತುಂಬಿಸುವವರು ಸರ್ಕಾರಿ ಸಿಬ್ಬಂದಿ. ಯಾವ ಊರು, ಯಾವ ಮನೆ, ಏನು ಪ್ರಶ್ನೆ ಅಂತ ವಿನ್ಯಾಸ ಮಾಡುವುದು, ಬಂದ ಫಾರ್ಮುಗಳನ್ನು ಪಂಚ್ ಕಾರ್ಡಿಗೆ ಇಳಿಸಿ ಲೆಕ್ಕ ತೆಗೆಯುವುದು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಅದು ಸರ್ಕಾರದ ಇಲಾಖೆ ಅಲ್ಲ, ಸ್ವಂತ ಆಡಳಿತದ ಸಂಸ್ಥೆ. ಕಾರ್ಡಿನ ಮೇಲೆ ತೂತುಗಳು ಮಾತ್ರ, ಕೋಡ್ ಸಂಖ್ಯೆಗಳು ಮಾತ್ರ. ಲೆಕ್ಕ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ. ಇವತ್ತು ಎರಡು ಸರ್ವರ್‌ಗಳಲ್ಲಿ ಅರ್ಧರ್ಧ ಡೇಟಾ ಇಟ್ಟು ಲೆಕ್ಕ ಮಾಡುವ ಕ್ರಿಪ್ಟೋಗ್ರಫಿ ಓದುವಾಗ ನಮಗೆ ಈ ಏರ್ಪಾಡು ನೆನಪಾಗುತ್ತೆ.

ಆ ಲೆಕ್ಕಕ್ಕಾಗಿಯೇ ಯಂತ್ರಗಳು ಬಂದವು. 1955–56ರ ಹೊತ್ತಿಗೆ ಬ್ರಿಟನ್ನಿನಿಂದ ಎಚ್‌ಇಸಿ-2ಎಂ ಕಂಪ್ಯೂಟರ್ ಕಲ್ಕತ್ತೆಗೆ ಬಂತು, ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್. ಕೆಲವು ವರ್ಷಗಳಲ್ಲಿ ಸೋವಿಯತ್ ಒಕ್ಕೂಟದಿಂದ ಉರಾಲ್. ಶೀತಲ ಸಮರದ ಎರಡೂ ಕಡೆಯವರು ಬಾರಾನಗರದ ಆ ಕ್ಯಾಂಪಸ್ಸಿಗೆ ಬಂದು ಹೋಗುತ್ತಿದ್ದರು. ಬೆಂಗಳೂರಿಗೂ ಸಂಸ್ಥೆ ಕಾಲಿಟ್ಟಿತು: 1950ರ ದಶಕದಲ್ಲಿ ಕಾರ್ಖಾನೆಗಳಿಗೆ ಗುಣಮಟ್ಟ ನಿಯಂತ್ರಣ ಕಲಿಸುವ ಘಟಕ, 1962ರಲ್ಲಿ ಎಸ್.ಆರ್. ರಂಗನಾಥನ್ ಅವರ ದಾಖಲೀಕರಣ ಕೇಂದ್ರ. ಗುಣಮಟ್ಟ ಘಟಕದ ಬಗ್ಗೆ ಒಂದು ಮಾತು. ಎಷ್ಟು ಮಾಲು ಕೆಟ್ಟಿತು ಅನ್ನೋದಕ್ಕಿಂತ ದೊಡ್ಡ ಗುಟ್ಟು ಕಾರ್ಖಾನೆಗೆ ಇಲ್ಲ. ಆದರೂ ಮಾಲೀಕರು ಈ ಘಟಕದವರನ್ನು ಒಳಗೆ ಬಿಟ್ಟುಕೊಂಡು ಆ ಅಂಕಿ ತೋರಿಸುತ್ತಿದ್ದರು, ಯಾಕಂದರೆ ಅದರಿಂದ ಅವರಿಗೇ ಲಾಭ ಇತ್ತು. ಕೊಟ್ಟ ಲೆಕ್ಕಕ್ಕೆ ಪ್ರತಿಯಾಗಿ ಏನಾದರೂ ಸಿಗುತ್ತೆ ಅಂದರೆ ಜನ ಕೊಡುತ್ತಾರೆ.

ಇದನ್ನು ಓದಿಕೊಂಡು ನಾವು ಮತ್ತೆ ಅದೇ ಕೈಗಾರಿಕಾ ಪ್ರದೇಶಕ್ಕೆ ಹೋದೆವು. ಈ ಸಲ ಫಾರ್ಮಿನಲ್ಲಿ ಹೆಸರಿಗೆ ಜಾಗ ಇರಲಿಲ್ಲ, ಕೋಡ್ ಮಾತ್ರ. ಐದು ಶೆಡ್ ಸೇರದೆ ಯಾವ ಸರಾಸರಿಯನ್ನೂ ಬರೆಯುವುದಿಲ್ಲ, ಕರೆಂಟು ಉಳಿಸುವುದು ಹೇಗೆ ಅಂತ ನಿಮಗೆ ರಿಪೋರ್ಟ್ ಕೊಡುತ್ತೇವೆ ಅಂತ ಹೇಳಿದೆವು. ಹನ್ನೊಂದು ಶೆಡ್‌ಗಳಲ್ಲಿ ಆರು ಜನ ಕೊಟ್ಟರು. ಮೊದಲ ದಿನ ಚಹಾ ಕೊಟ್ಟಿದ್ದ ಯಜಮಾನರು ಈ ಸಲವೂ ಚಹಾ ಕೊಟ್ಟರು, ಅಷ್ಟೇ.

ಮಹಲನೋಬಿಸ್ ಅವರ ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. ಎನ್‌ಎಸ್‌ಎಸ್ ವರದಿಗಳು ವರ್ಷಗಟ್ಟಲೆ ತಡವಾಗುತ್ತಿದ್ದವು, ಟೀಕೆ ಬೆಳೆಯಿತು. ಸಂಸ್ಥೆಯಲ್ಲಿ ಎಲ್ಲಾ ತೀರ್ಮಾನವೂ ಅವರೊಬ್ಬರದ್ದೇ ಅನ್ನೋ ಅಸಮಾಧಾನವೂ ಇತ್ತು. ಆ ದೂರುಗಳನ್ನು ಸುಳ್ಳು ಅನ್ನಲಾಗದು. 1968ರಲ್ಲಿ ಪದ್ಮವಿಭೂಷಣ ಬಂತು. 1970ರಲ್ಲಿ ಸರ್ಕಾರ ರಾಷ್ಟ್ರೀಯ ಮಾದರಿ ಸಮೀಕ್ಷಾ ಸಂಸ್ಥೆ ಅನ್ನೋ ಹೊಸ ವ್ಯವಸ್ಥೆ ಮಾಡಿ, ವಿನ್ಯಾಸ, ಕ್ಷೇತ್ರ ಕೆಲಸ, ಲೆಕ್ಕ, ವರದಿ ಎಲ್ಲವನ್ನೂ ತನ್ನ ಒಂದೇ ಸೂರಿನಡಿ ತಂದುಕೊಂಡಿತು. ಇಪ್ಪತ್ತು ವರ್ಷ ಕೈಯಾರೆ ಬೆಳೆಸಿದ ಕೆಲಸ ಅವರ ಸಂಸ್ಥೆಯಿಂದ ಬೇರೆಯಾಯಿತು.

1972ರ ಜೂನ್ 28ರಂದು, 79 ತುಂಬಲು ಒಂದು ದಿನ ಇರುವಾಗ, ಅವರು ತೀರಿಕೊಂಡರು. ಪತ್ನಿ ನಿರ್ಮಲಕುಮಾರಿ ಜೊತೆ ಬಾಳಿದ ಮನೆ ಆಮ್ರಪಾಲಿ ಈಗಲೂ ಬಾರಾನಗರದ ಕ್ಯಾಂಪಸ್ಸಿನಲ್ಲಿದೆ. 2007ರಿಂದ ಜೂನ್ 29 ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ. ಬೆಂಗಳೂರಿನಲ್ಲಿ ಸಂಸ್ಥೆಯ ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಕೆಂಗೇರಿ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಬೋರ್ಡ್ ನೋಡಿದರೆ, ಲ್ಯಾಬ್ ರೆಕಾರ್ಡಿನ ಆ ಸೂತ್ರದ ಹೆಸರು ಯಾರದ್ದು ಅಂತ ಪಕ್ಕದ ಸೀಟಿನವರಿಗೆ ಹೇಳಿ.